ಜೀವಂತ ಪ್ರೋಗ್ರಾಮಿನ ಮೂಲಪಾಠವನ್ನು ಎಲ್ಲಿಡಬೇಕು?

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಉಪನ್ಯಾಸದ ಪಾಠ)



ಇಂದು ನಾವು ವಿವೇಚಿಸಲಿರುವ ವಿಷಯ ಮೇಲ್ನೋಟಕ್ಕೆ ಬಲು ಚಿಕ್ಕದು. ಗಣಕಯಂತ್ರದೊಳಗೆ ಒಂದು ಪ್ರೋಗ್ರಾಮು ನಡೆಯುತ್ತಿರುವಾಗ, ಅದನ್ನು ಮನುಷ್ಯನು ತನ್ನ ಕೈಯಿಂದ ಬರೆದ ಮೂಲಪಾಠವು ಎಲ್ಲಿರಬೇಕು ಎಂಬುದಷ್ಟೇ ಪ್ರಶ್ನೆ. ಇದೇನು ಭಾಷಣಕ್ಕೆ ತಕ್ಕ ವಿಷಯವೇ ಎಂದು ಪೋಷಕರಲ್ಲಿ ಕೆಲವರಿಗೆ ಅನಿಸಬಹುದು. ಆದರೆ ನಿಮ್ಮ ಮಕ್ಕಳು ಇಂದು ಗಣಕದಲ್ಲಿ ಬರೆಯುತ್ತಿದ್ದಾರೆ. ಬರೆದುದು ಎಲ್ಲಿ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂಬುದನ್ನು ಅವರು ತಿಳಿದಿರುವುದು ಅವಶ್ಯ.

ಸಾಮಾನ್ಯವಾದ ರೀತಿಯನ್ನು ಮೊದಲು ಹೇಳುತ್ತೇವೆ. ಪ್ರೋಗ್ರಾಮು ಬರೆಯುವವನು ಒಂದು ಕಡತದಲ್ಲಿ ತನ್ನ ಪಾಠವನ್ನು ಬರೆದಿಡುತ್ತಾನೆ. ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಮು ಅದನ್ನು ಓದಿ, ಯಂತ್ರಕ್ಕೆ ತಿಳಿಯುವ ಸಂಕೇತಗಳಾಗಿ ಮಾರ್ಪಡಿಸುತ್ತದೆ. ಆಮೇಲೆ ಯಂತ್ರ ಅದನ್ನು ನಡೆಸುತ್ತದೆ. ತಿದ್ದಬೇಕಾದರೆ ನಡೆಯುತ್ತಿರುವುದನ್ನು ನಿಲ್ಲಿಸಿ, ಕಡತಕ್ಕೆ ಹಿಂತಿರುಗಿ, ತಿದ್ದಿ, ಮತ್ತೆ ಮೊದಲಿನಿಂದ ನಡೆಸಬೇಕು. ಇಲ್ಲಿ ನಮ್ಮ ಪ್ರಶ್ನೆ ಹುಟ್ಟುವುದೇ ಇಲ್ಲ. ಪಾಠವು ಕಡತದಲ್ಲಿದೆ, ಪ್ರೋಗ್ರಾಮು ಬೇರೆ ಇದೆ.

ಆದರೆ ಎಂದೂ ನಿಲ್ಲದ ಪ್ರೋಗ್ರಾಮೊಂದನ್ನು ಊಹಿಸಿಕೊಳ್ಳಿ. ಅದು ನಡೆಯುತ್ತಿರುವಂತೆಯೇ ಅದರ ಒಂದು ಭಾಗವನ್ನು ತೆರೆದು ನೋಡಬಹುದು. ತಿದ್ದಿದೊಡನೆ ಮರುಕ್ಷಣದಿಂದಲೇ ಅದು ಹೊಸ ರೀತಿಯಲ್ಲಿ ನಡೆಯತೊಡಗುತ್ತದೆ. ಇಂಥದನ್ನು ಜೀವಂತ ಪರಿಸರವೆಂದು ಕರೆಯುವ ವಾಡಿಕೆ. ಇವುಗಳಲ್ಲಿ ಹೆಸರಾದುದು ಸ್ಮಾಲ್‌ಟಾಕ್. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಪಾಲೊ ಆಲ್ಟೊ ಎಂಬ ಊರಿನಲ್ಲಿ ಜೆರಾಕ್ಸ್ ಕಂಪನಿಯವರು 1970ರಲ್ಲಿ ಸ್ಥಾಪಿಸಿದ ಸಂಶೋಧನಾಲಯದಲ್ಲಿ, ಆಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರ ಪರಿಶ್ರಮದಿಂದ ಅದು ರೂಪುಗೊಂಡಿತು. ಆಲನ್ ಕೇ ಅವರ ಕಣ್ಣು ಮೊದಲಿನಿಂದಲೂ ಮಕ್ಕಳ ಮೇಲೆಯೇ ಇತ್ತೆಂಬುದು ಇಲ್ಲಿ ಸ್ಮರಣೀಯ. ಆ ಊರಿನ ಶಾಲೆಯ ಬಾಲಕ ಬಾಲಕಿಯರಿಗೆ ಅಡೆಲ್ ಗೋಲ್ಡ್‌ಬರ್ಗ್ ಅವರು ಸ್ಮಾಲ್‌ಟಾಕನ್ನು ಕಲಿಸಿದರು. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಬಲ್ಲ ಸ್ಕ್ರ್ಯಾಚ್ ಕೂಡ, 2007ರಲ್ಲಿ ಮೊದಲು ಹೊರಬಂದಾಗ, ಸ್ಮಾಲ್‌ಟಾಕಿನ ಸಂತತಿಯಾದ ಸ್ಕ್ವೀಕ್ ಎಂಬುದರಲ್ಲಿಯೇ ಕಟ್ಟಿದುದಾಗಿತ್ತು.

ಸ್ಮಾಲ್‌ಟಾಕಿನಲ್ಲಿ ಎಲ್ಲವೂ ವಸ್ತುಗಳು. ಒಂದೊಂದು ವಸ್ತುವೂ ತನಗೆ ಬಂದ ಕೋರಿಕೆಗೆ ಹೇಗೆ ಉತ್ತರಿಸಬೇಕು ಎಂಬುದನ್ನು ಹೇಳುವ ಚಿಕ್ಕ ಬರಹಕ್ಕೆ ಮೆಥಡ್ ಎಂದು ಹೆಸರು. ಮೆಥಡ್ ಸಾಮಾನ್ಯವಾಗಿ ಐದಾರು ಸಾಲು ಇರುತ್ತದೆ. ಹತ್ತು ಸಾಲನ್ನು ದಾಟಿದರೆ ಬಲ್ಲವರು ಹುಬ್ಬು ಗಂಟಿಕ್ಕುತ್ತಾರೆ. ಇಂಥ ಸಹಸ್ರಾರು ಮೆಥಡ್ಡುಗಳು ಸೇರಿ ಇಡೀ ಪರಿಸರವಾಗುತ್ತದೆ. ವಸ್ತುಗಳು, ಮೆಥಡ್ಡುಗಳು, ತೆರೆಯ ಮೇಲೆ ತೆರೆದಿರುವ ಕಿಟಕಿಗಳು, ಅರ್ಧ ಬರೆದ ವಾಕ್ಯ, ಎಲ್ಲವನ್ನೂ ಆ ಕ್ಷಣದಲ್ಲಿ ಹೇಗಿವೆಯೋ ಹಾಗೆಯೇ ಒಂದೇ ಕಡತದಲ್ಲಿ ಅಚ್ಚೊತ್ತಿ ಇಡುತ್ತಾರೆ. ಅದಕ್ಕೆ ಇಮೇಜ್ ಎನ್ನುತ್ತಾರೆ. ಮರುದಿನ ಅದನ್ನು ತೆರೆದರೆ ನಿನ್ನೆ ಬಿಟ್ಟಲ್ಲಿಂದಲೇ ಪ್ರಪಂಚ ಮುಂದುವರಿಯುತ್ತದೆ.

ಹೀಗಿರಲು, ಮೆಥಡ್ಡಿನ ಮೂಲಪಾಠವೂ ಈ ಇಮೇಜಿನೊಳಗೇ ಇರುತ್ತದೆಂದು ಯಾರಾದರೂ ಭಾವಿಸುವುದು ಸಹಜ. ಆದರೆ ಹಾಗಿಲ್ಲ. 1972ರ ಸ್ಮಾಲ್‌ಟಾಕಿನಲ್ಲಿ ಬರೆದ ಪಾಠವನ್ನೇ ತುಣುಕುಗಳಾಗಿಸಿ ಯಂತ್ರವು ನೇರವಾಗಿ ಓದಿಕೊಂಡು ನಡೆಯುತ್ತಿತ್ತು. 1976ರ ಆವೃತ್ತಿಯಲ್ಲಿ ಡ್ಯಾನ್ ಇಂಗಲ್ಸ್ ಅವರು ವೇಗಕ್ಕಾಗಿ ಮೆಥಡ್ಡನ್ನು ಬೈಟ್‌ಕೋಡ್ ಎಂಬ ಕಿರುಸಂಕೇತಗಳಾಗಿ ಕಂಪೈಲ್ ಮಾಡುವ ಪದ್ಧತಿಯನ್ನು ತಂದರು. ಅಂದಿನಿಂದ ಯಂತ್ರ ಓದುವುದು ಒಂದು, ಮನುಷ್ಯ ಓದುವುದು ಇನ್ನೊಂದು ಎಂದಾಯಿತು. ಬೈಟ್‌ಕೋಡ್ ದೊರೆತ ಮೇಲೆ ಯಂತ್ರಕ್ಕೆ ಮೂಲಪಾಠದ ಹಂಗಿಲ್ಲ. ಅದು ಬೇಕಾಗಿರುವುದು ಓದುವ ಮನುಷ್ಯನಿಗೆ ಮಾತ್ರ.

ಆ ಕಾಲದ ಯಂತ್ರಗಳ ಬಡತನವನ್ನೂ ಗಮನಿಸಬೇಕು. 1973ರಲ್ಲಿ ಸಿದ್ಧವಾದ ಆಲ್ಟೊ ಗಣಕದ ಸ್ಮರಣೆ ಮೊದಲಲ್ಲಿ 128 ಕಿಲೊಬೈಟು. ಅದಕ್ಕೆ ಹಾಕುವ ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಎರಡೂವರೆ ಮೆಗಾಬೈಟು. ಇಂದು ಫೋನಿನಲ್ಲಿ ತೆಗೆದ ಒಂದೇ ಛಾಯಾಚಿತ್ರಕ್ಕೆ ಅಷ್ಟು ಸ್ಥಳ ಸಾಲದೆ ಹೋಗುವುದುಂಟು. ಅಂಥ ಇಕ್ಕಟ್ಟಿನಲ್ಲಿ ಯಂತ್ರಕ್ಕೆ ಬೇಡದ ಬರಹವನ್ನು ಸ್ಮರಣೆಯಲ್ಲಿ ಕೂಡಿಸಿಕೊಂಡಿರುವುದು ಸಾಧ್ಯವಿರಲಿಲ್ಲ. ಆದುದರಿಂದ ಪಾಠವನ್ನು ಹೊರಗೆ ಹಾಕಿದರು. ಸ್ಮಾಲ್‌ಟಾಕ್-80 ಲೋಕಕ್ಕೆ ಬಂದಾಗ ಈ ಏರ್ಪಾಡು ಸ್ಥಿರವಾಗಿತ್ತು. ಇಮೇಜಿನ ಜೊತೆಗೆ ಇನ್ನೆರಡು ಕಡತಗಳು: ಸೋರ್ಸಸ್ ಮತ್ತು ಚೇಂಜಸ್. ಆ ಆವೃತ್ತಿ ಬಿಡುಗಡೆಯಾದಾಗ ಇದ್ದ ಎಲ್ಲ ಮೆಥಡ್ಡುಗಳ ಪಾಠವೂ ಸೋರ್ಸಸ್ ಕಡತದಲ್ಲಿ. ಅದನ್ನು ಯಾರೂ ಮುಟ್ಟುವುದಿಲ್ಲ. ಅಲ್ಲಿಂದ ಮುಂದೆ ನೀವು ಬರೆದುದು, ತಿದ್ದಿದುದು ಎಲ್ಲವೂ ಚೇಂಜಸ್ ಕಡತದ ಕೊನೆಗೆ ಒಂದರ ಕೆಳಗೊಂದು ಸೇರುತ್ತ ಹೋಗುತ್ತದೆ.

ಇಮೇಜಿನೊಳಗಿನ ಮೆಥಡ್ಡಿಗೆ ತನ್ನ ಪಾಠ ಹೊರಗೆಲ್ಲಿದೆಯೆಂದು ಗೊತ್ತಾಗುವ ಬಗೆ ಹೇಗೆ? ಅದರ ಬೈಟ್‌ಕೋಡುಗಳು ಮುಗಿದ ಮೇಲೆ, ಕಟ್ಟಕಡೆಯಲ್ಲಿ, ಒಂದು ಪುಟ್ಟ ಬಾಲವಿರುತ್ತದೆ. ಸ್ಮಾಲ್‌ಟಾಕ್-80ರಲ್ಲಿ ಅದಕ್ಕೆ ಮೂರೇ ಬೈಟು. ಯಾವ ಕಡತ, ಅದರ ಎಷ್ಟನೆಯ ಬೈಟಿನಿಂದ ಪಾಠ ಆರಂಭ ಎಂಬ ವಿಳಾಸವಷ್ಟೇ ಆ ಬಾಲದಲ್ಲಿದೆ. ನೀವು ಮೆಥಡ್ಡನ್ನು ನೋಡಬಯಸಿದಾಗ ಪರಿಸರವು ಆ ಸ್ಥಾನಕ್ಕೆ ಹೋಗಿ ಪಾಠವನ್ನು ಓದಿ ತಂದು ತೋರಿಸುತ್ತದೆ. 1996ರಲ್ಲಿ ಆಪಲ್ ಕಂಪನಿಯಲ್ಲಿದ್ದ ಇಂಗಲ್ಸ್, ಕೇ ಮತ್ತು ಅವರ ಸಂಗಡಿಗರು ಹೊರತಂದ ಸ್ಕ್ವೀಕಿನಲ್ಲಿ ಈ ಬಾಲ ನಾಲ್ಕು ಬೈಟಾಯಿತು. ಅದರಲ್ಲಿ ಸ್ಥಾನವನ್ನು ಹೇಳುವುದಕ್ಕೆ ಮೂರು ಬೈಟು. ಮೂರು ಬೈಟುಗಳಲ್ಲಿ ಎಣಿಸಬಹುದಾದುದು 1,67,77,216. ಒಂದೊಂದು ಕಡತಕ್ಕೆ ಎರಡೆರಡು ಗುರುತುಗಳನ್ನು ಕೊಟ್ಟು ಇದನ್ನು 3,35,54,432ಕ್ಕೆ ಏರಿಸಿದರು. ಅದಕ್ಕೂ ಮೀರಿ ಚೇಂಜಸ್ ಕಡತ ಬೆಳೆದರೆ ಹೊಸ ಪಾಠಕ್ಕೆ ವಿಳಾಸ ಬರೆಯಲು ಜಾಗವಿಲ್ಲ. ಬಹುಕಾಲ ಈ ಮಿತಿಯೊಡನೆ ಹೆಣಗಿ, ಕಡೆಗೆ ಬಾಲದ ರಚನೆಯನ್ನೇ ಬದಲಾಯಿಸಿ ಅದನ್ನು ಬೇಕಾದಷ್ಟು ಉದ್ದವಾಗುವಂತೆ ಮಾಡಿದರು.

ಕನ್ನಡದಲ್ಲಿ ಟಿಪ್ಪಣಿ ಬರೆಯುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಎಣಿಕೆಯಾಗುವುದು ಬೈಟುಗಳು, ಅಕ್ಷರಗಳಲ್ಲ. ಯುಟಿಎಫ್-8 ಎಂಬ ಈಗಿನ ರೂಢಿಯ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು. ಕನ್ನಡದ ಒಂದೊಂದು ಚಿಹ್ನೆಗೂ ಮೂರು. 'ಪಕ್ಷಿ' ಎಂಬುದು ನಮ್ಮ ಕಣ್ಣಿಗೆ ಎರಡಕ್ಷರ. ಯಂತ್ರದ ಲೆಕ್ಕದಲ್ಲಿ ಪಕಾರ, ಕಕಾರ, ವಿರಾಮ, ಷಕಾರ, ಇಕಾರದ ಗುಣಿತ ಎಂದು ಐದು ಚಿಹ್ನೆ, ಹದಿನೈದು ಬೈಟು. ಹಾಗೆಂದು ಕನ್ನಡದಲ್ಲಿ ಬರೆಯುವುದನ್ನು ಬಿಡಬೇಕಾಗಿಲ್ಲ. ಇಂದು ಸ್ಥಳಕ್ಕೆ ಬರವಿಲ್ಲ.

ಈಗ ಮುಖ್ಯವಾದ ಮಾತಿಗೆ ಬರೋಣ. ಸೋರ್ಸಸ್ ಮತ್ತು ಚೇಂಜಸ್ ಕಡತಗಳು ಕಳೆದುಹೋದರೆ ಏನಾಗುತ್ತದೆ? ಪ್ರೋಗ್ರಾಮು ನಿಲ್ಲುವುದಿಲ್ಲ. ಅದು ಮೊದಲಿನಂತೆಯೇ ನಡೆಯುತ್ತದೆ. ಮೆಥಡ್ಡನ್ನು ತೆರೆದು ನೋಡಿದರೆ ಪಾಠದಂತಿರುವ ಒಂದು ಬರಹವೂ ಕಾಣಿಸುತ್ತದೆ; ಏಕೆಂದರೆ ಡಿಕಂಪೈಲರ್ ಎಂಬ ಇನ್ನೊಂದು ಸಾಧನವು ಬೈಟ್‌ಕೋಡಿನಿಂದ ಹಿಂದಕ್ಕೆ ನಡೆದು ಪಾಠವನ್ನು ಮರಳಿ ಕಟ್ಟಿಕೊಡುತ್ತದೆ. ಹಾಗಾದರೆ ನಷ್ಟವೇನು ಎಂದು ಕೇಳಬಹುದು. ಒಂದು ದೃಷ್ಟಾಂತವನ್ನು ಕೊಡುತ್ತೇವೆ.

ಪರೀಕ್ಷೆಯ ಅಂಕಗಳ ಸರಾಸರಿಯನ್ನು ತೆಗೆಯುವ ಒಂದು ಮೆಥಡ್ಡನ್ನು ನಿಮ್ಮಲ್ಲೊಬ್ಬ ವಿದ್ಯಾರ್ಥಿನಿ ಬರೆದಳೆಂದಿಟ್ಟುಕೊಳ್ಳಿ. ಅದರಲ್ಲಿ 'ಮೊತ್ತ' ಎಂದೊಂದು ಹೆಸರು, 'ಹಾಜರಾದವರು' ಎಂದೊಂದು ಹೆಸರು. ಮೇಲೆ ಉದ್ಧರಣ ಚಿಹ್ನೆಯೊಳಗೆ ಒಂದು ಟಿಪ್ಪಣಿ: "ಸೊನ್ನೆ ಅಂಕವಿದ್ದರೆ ಗೈರುಹಾಜರಿ ಎಂದರ್ಥ, ಅವರಿಗೆ ಮರುಪರೀಕ್ಷೆ ಉಂಟು, ಲೆಕ್ಕಕ್ಕೆ ಹಿಡಿಯಬಾರದು." ಕಂಪೈಲರ್ ಈ ಟಿಪ್ಪಣಿಯನ್ನು ಬೈಟ್‌ಕೋಡಿಗೆ ತರುವುದಿಲ್ಲ, ಯಂತ್ರಕ್ಕೆ ಅದರಿಂದ ಏನೂ ಆಗಬೇಕಾಗಿಲ್ಲ. ತಾತ್ಕಾಲಿಕ ಹೆಸರುಗಳೂ ಯಂತ್ರಕ್ಕೆ ಬೇಡ. ಒಂದನೆಯ ಗೂಡು, ಎರಡನೆಯ ಗೂಡು ಎಂದರೆ ಸಾಕು. ಪಾಠ ಕಳೆದು ಡಿಕಂಪೈಲರಿನ ಮೊರೆಹೊಕ್ಕಾಗ ಮೆಥಡ್ಡಿನ ಹೆಸರೂ, ಅದು ಇತರ ವಸ್ತುಗಳಿಗೆ ಕಳುಹಿಸುವ ಕೋರಿಕೆಗಳ ಹೆಸರುಗಳೂ ಸರಿಯಾಗಿಯೇ ಬರುತ್ತವೆ. 'ಮೊತ್ತ' ಇದ್ದಲ್ಲಿ ಟಿ1, 'ಹಾಜರಾದವರು' ಇದ್ದಲ್ಲಿ ಟಿ2. ಟಿಪ್ಪಣಿ ಇದ್ದಲ್ಲಿ ಏನೂ ಇಲ್ಲ.

ಲೆಕ್ಕ ತಪ್ಪಿಲ್ಲ, ಉತ್ತರವೂ ಅದೇ. ಆದರೆ ಮುಂದಿನ ವರ್ಷ ಅದನ್ನು ಓದುವ ಇನ್ನೊಬ್ಬನಿಗೆ, ಸೊನ್ನೆಗಳನ್ನು ಏತಕ್ಕೆ ಬಿಟ್ಟಿದ್ದಾರೆಂದು ತಿಳಿಯುವ ದಾರಿಯಿಲ್ಲ. ಇದೊಂದು ದೋಷವೆಂದು ಎಣಿಸಿ ಅವನು 'ಸರಿಪಡಿಸಿ'ದರೆ, ಜ್ವರದಿಂದ ಮಲಗಿದ್ದ ಹುಡುಗನ ಸೊನ್ನೆಯೂ ತರಗತಿಯ ಸರಾಸರಿಗೆ ಸೇರಿಬಿಡುತ್ತದೆ. ಯಂತ್ರಕ್ಕೆ ಬೇಡವಾದ ಆ ಒಂದು ವಾಕ್ಯದಲ್ಲಿಯೇ ಬರೆದವಳ ವಿವೇಚನೆ ಇತ್ತು.

ಈ ನಷ್ಟವನ್ನು ಸ್ಕ್ವೀಕಿನವರೂ ಬಲ್ಲರು. ಪಾಠವನ್ನು ತ್ಯಜಿಸಿ ಇಮೇಜನ್ನು ಹಗುರಗೊಳಿಸಬೇಕಾದಾಗ, ಬಾಲದಲ್ಲಿ ವಿಳಾಸದ ಬದಲು ತಾತ್ಕಾಲಿಕ ಹೆಸರುಗಳನ್ನಾದರೂ ಹಿಂಡಿ ತುಂಬುವ ಒಂದು ಉಪಾಯವನ್ನು ಅವರು ಮಾಡಿದರು. ಆಗ ಟಿ1, ಟಿ2 ಎಂಬ ಮೂಗು ಮುಖವಿಲ್ಲದ ಹೆಸರುಗಳ ಕಾಟ ತಪ್ಪುತ್ತದೆ. ಟಿಪ್ಪಣಿಗಳು ಮಾತ್ರ ಬರುವುದಿಲ್ಲ.

ಇನ್ನು ಚೇಂಜಸ್ ಕಡತ. ನಮ್ಮ ಅಭಿಪ್ರಾಯದಲ್ಲಿ ಈ ಇಡೀ ಏರ್ಪಾಡಿನಲ್ಲಿ ಬುದ್ಧಿವಂತಿಕೆಯ ಅಂಶ ಇದೇ. ಸಭೆಯಲ್ಲಿರುವ ವ್ಯಾಪಾರಿ ಬಂಧುಗಳಿಗೆ ಇದನ್ನು ವಿವರಿಸುವುದು ಸುಲಭ, ಅದು ಕಿರ್ದಿ. ದಿನದ ವಹಿವಾಟನ್ನು ನಡೆದ ಕ್ರಮದಲ್ಲಿ, ನಡೆದ ಕೂಡಲೆ ಕಿರ್ದಿಯಲ್ಲಿ ಬರೆಯುತ್ತೀರಿ, ಖತಾವಣಿ ಆಮೇಲಿನದು. ಕಿರ್ದಿಯಲ್ಲಿ ಬರೆದುದನ್ನು ಉಜ್ಜಿ ಅಳಿಸುವ ಪದ್ಧತಿಯಿಲ್ಲ. ತಪ್ಪಿದ್ದರೆ ಕೆಳಗೆ ಇನ್ನೊಂದು ನಮೂದು. ಚೇಂಜಸ್ ಕಡತವೂ ಹಾಗೆಯೇ. ಇಮೇಜು ತಟ್ಟೆಗೆ ಬರೆಯಲ್ಪಡುವುದು ನೀವು ಉಳಿಸೆಂದು ಹೇಳಿದಾಗ ಮಾತ್ರ. ಆದರೆ ನೀವು ಒಂದು ಮೆಥಡ್ಡನ್ನು ಒಪ್ಪಿಸಿದ ಕ್ಷಣವೇ ಅದರ ಪಾಠ ಚೇಂಜಸ್ ಕಡತಕ್ಕೆ ಸೇರಿರುತ್ತದೆ. ಮಧ್ಯಾಹ್ನವೆಲ್ಲ ದುಡಿದು, ಉಳಿಸುವ ಮೊದಲೇ ವಿದ್ಯುತ್ತು ಹೋಯಿತೆನ್ನಿ. ಮತ್ತೆ ತೆರೆದಾಗ ಇಮೇಜು ಬೆಳಗಿನ ಸ್ಥಿತಿಯಲ್ಲಿರುತ್ತದೆ. ಆಗ ಚೇಂಜಸ್ ಕಡತದ ಕೊನೆಯ ಭಾಗವನ್ನು ತೆರೆದು, ಬರೆದ ಮೆಥಡ್ಡುಗಳನ್ನು ಒಂದೊಂದಾಗಿ ಆರಿಸಿ ಮತ್ತೆ ಒಳಕ್ಕೆ ತೆಗೆದುಕೊಳ್ಳಬಹುದು. ಅದಕ್ಕೆ ಬೇಕಾದ ಸಾಧನವನ್ನು ಪರಿಸರದಲ್ಲಿಯೇ ಇಟ್ಟಿದ್ದಾರೆ. ಕೈಯಿಂದ ಎಳೆದು ಜೋಡಿಸಿದ ಚಿತ್ರಗಳೂ ಕಿಟಕಿಗಳೂ ಹಾಗೆ ಹಿಂತಿರುಗುವುದಿಲ್ಲ, ಅವು ಪಾಠವಾಗಿರಲಿಲ್ಲವಷ್ಟೆ.

ಇನ್ನೊಂದು ಲಾಭವೂ ಉಂಟು. ಸ್ಕ್ವೀಕಿನಲ್ಲಿ ಪ್ರತಿಯೊಂದು ನಮೂದಿನ ತಲೆಯಲ್ಲಿ ಬರೆದವರ ಹೆಸರಿನ ಮೊದಲಕ್ಷರಗಳು, ದಿನಾಂಕ, ವೇಳೆ, ಮತ್ತು ಅದೇ ಮೆಥಡ್ಡಿನ ಹಿಂದಿನ ಪಾಠದ ಸ್ಥಾನ ಇರುತ್ತವೆ. ಆ ಸ್ಥಾನವನ್ನು ಹಿಡಿದು ಹಿಂದಕ್ಕೆ, ಅಲ್ಲಿಂದ ಅದಕ್ಕೂ ಹಿಂದಕ್ಕೆ ಹೋಗಬಹುದು. ಹಳೆಯ ಗ್ರಂಥಗಳನ್ನು ಸಂಪಾದಿಸುವ ವಿದ್ವಾಂಸರು ಪಾಠಾಂತರಗಳಿಗಾಗಿ ಎಷ್ಟು ಕಷ್ಟಪಡುತ್ತಾರೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಕಡತ ಬಹಳ ಬೆಳೆಯಿತೆಂದು ಹಳೆಯ ಪಾಠಗಳನ್ನು ಕಿತ್ತು ಅದನ್ನು ಕಿರಿದುಗೊಳಿಸುವ ಒಂದು ಆಜ್ಞೆಯೂ ಇದೆ. ಅದನ್ನು ಕೊಡುವ ಮೊದಲು ಹಳೆಯ ಕಡತದ ಪ್ರತಿಯೊಂದನ್ನು ತೆಗೆದಿಡದವರನ್ನು ನಾವು ಜಾಣರೆನ್ನಲಾರೆವು.

ದೋಷವೂ ಇದರಲ್ಲಿಯೇ ಇದೆ. ಇಮೇಜು ಒಂದು ಕಡತ, ಪಾಠ ಇನ್ನೊಂದು ಕಡತ. ಇವೆರಡನ್ನೂ ಕಟ್ಟಿರುವುದು ಬರಿಯ ಅಂಕಿಗಳು. ಒಬ್ಬನು ಇಮೇಜನ್ನು ಮಾತ್ರ ನಕಲು ಮಾಡಿಕೊಂಡು ಹೋಗಿ, ಇನ್ನೊಬ್ಬನ ಚೇಂಜಸ್ ಕಡತದ ಪಕ್ಕದಲ್ಲಿಟ್ಟರೆ, ಬಾಲದಲ್ಲಿರುವ ವಿಳಾಸ ಬೇರೆ ಯಾರದೋ ಬರಹದ ನಡುವೆ ಹೋಗಿ ಬೀಳುತ್ತದೆ. ಪಾಠವೇ ಕಾಣದಿದ್ದರೆ ಒಳ್ಳೆಯದಿತ್ತು. ತಪ್ಪು ಪಾಠ ಕಂಡು, ಅದನ್ನೇ ನಿಜವೆಂದು ನಂಬುವುದು ಹೆಚ್ಚಿನ ಕೇಡು.

ಆದುದರಿಂದ ಈಗ ಕೆಲವರು ಹೀಗೆ ವಾದಿಸುತ್ತಾರೆ: ಸ್ಮರಣೆ ಇಂದು ಅಗ್ಗ, ಆಲ್ಟೊವಿನ ಇಕ್ಕಟ್ಟು ಕಳೆದು ಎಷ್ಟೋ ಕಾಲವಾಯಿತು, ಪಾಠವನ್ನು ಮೆಥಡ್ಡಿನೊಡನೆಯೇ ಇಮೇಜಿನೊಳಗಿಟ್ಟರೆ ಒಂದೇ ಕಡತ, ಒಂದೇ ನಕಲು, ವಿಳಾಸ ತಪ್ಪುವ ಭಯವಿಲ್ಲ. ಇದು ತಳ್ಳಿಹಾಕುವಂಥ ವಾದವಲ್ಲ. ಸ್ಕ್ವೀಕಿನ ಸಡಿಲಗೊಳಿಸಿದ ಬಾಲದಲ್ಲಿ ಇಡೀ ಪಾಠವನ್ನೇ ಹಿಂಡಿ ತುಂಬುವ ಅವಕಾಶವೂ ಉಂಟು. ಜೆಮ್‌ಸ್ಟೋನ್ ಎಂಬ ಸ್ಮಾಲ್‌ಟಾಕ್ ಭಂಡಾರದಲ್ಲಿ ಪಾಠವು ಮೆಥಡ್ಡಿನ ಜೊತೆಗೆ ಒಳಗೇ ಇರುತ್ತದೆ.

ಆದರೂ ನಾವು ಈ ವಾದವನ್ನು ಪೂರ್ತಿಯಾಗಿ ಒಪ್ಪಲಾರೆವು. ಜೆಮ್‌ಸ್ಟೋನಿಗೆ ಅದು ಒಗ್ಗುವುದು, ಅಲ್ಲಿ ನಡೆದ ಪ್ರತಿಯೊಂದು ವ್ಯವಹಾರಕ್ಕೂ ಬೇರೆ ದಾಖಲೆ ಬರೆದಿಡುವ ವ್ಯವಸ್ಥೆ ಇರುವುದರಿಂದ. ಎಂದರೆ ಅಲ್ಲಿಯೂ ಕಿರ್ದಿ ಇದೆ. ಸಾಮಾನ್ಯ ಇಮೇಜಿಗೆ ಅಂಥ ಕಾವಲಿಲ್ಲ. ಜೀವಂತವಾದುದಕ್ಕೆ ರೋಗ ಬರುತ್ತದೆ. ನಡೆಯುತ್ತಿರುವ ಪರಿಸರದ ಮರ್ಮಸ್ಥಾನದಲ್ಲಿಯೇ ಒಂದು ಮೆಥಡ್ಡನ್ನು ತಪ್ಪಾಗಿ ತಿದ್ದಿ ಉಳಿಸಿಬಿಟ್ಟರೆ, ಇಮೇಜು ಮತ್ತೆ ತೆರೆಯದೆಯೇ ಹೋಗಬಹುದು. ಆಗ ಪಾಠವೂ ಒಳಗೇ ಇದ್ದರೆ ಎರಡೂ ಒಟ್ಟಿಗೆ ಹೋದಂತೆ. ಹೊರಗಿನ ಚೇಂಜಸ್ ಕಡತವಾದರೋ ಬರಿಯ ಬರಹ. ಯಾವ ಸಾದಾ ಸಾಧನದಿಂದಲೂ ಅದನ್ನು ತೆರೆದು ಕಣ್ಣಿನಿಂದಲೇ ಓದಬಹುದು. ಅದರ ನಮೂದುಗಳನ್ನು ಬೇರ್ಪಡಿಸುವುದು ಆಶ್ಚರ್ಯಸೂಚಕ ಚಿಹ್ನೆ. ಪಾಠದೊಳಗೇ ಆ ಚಿಹ್ನೆ ಬಂದರೆ ಎರಡು ಸಲ ಬರೆಯುತ್ತಾರೆ. ಇಷ್ಟನ್ನು ಬಲ್ಲವನು ನೂರು ವರ್ಷದ ಮೇಲಾದರೂ ಅದನ್ನು ಬಿಡಿಸಿಕೊಳ್ಳಬಲ್ಲನು.

ಹತ್ತು ಜನ ಕೂಡಿ ದುಡಿಯುವಾಗ ಇಷ್ಟೂ ಸಾಲದು. ಇಮೇಜು ಒಬ್ಬೊಬ್ಬರದು, ಪಾಠ ಎಲ್ಲರದಾಗಬೇಕು. ಇದಕ್ಕಾಗಿ ಒಂದು ಕಾಲದಲ್ಲಿ ಎನ್ವಿ ಎಂಬ ಸಾಧನವು ಎಲ್ಲರ ಮೆಥಡ್ಡುಗಳ ಎಲ್ಲ ಪಾಠಗಳನ್ನೂ ಒಂದೇ ಭಂಡಾರದಲ್ಲಿ ಕೂಡಿಡುತ್ತಿತ್ತು. ಸ್ಕ್ವೀಕಿನಿಂದ 2008ರಲ್ಲಿ ಕವಲೊಡೆದ ಫಾರೊ ಇಂದು ಗಿಟ್ ಎಂಬ ಸರ್ವಸಾಮಾನ್ಯ ಭಂಡಾರವನ್ನೇ ಅವಲಂಬಿಸಿದೆ. ಗಿಟ್ 2005ರಲ್ಲಿ ಹುಟ್ಟಿದುದು, ಸ್ಮಾಲ್‌ಟಾಕಿಗಾಗಿ ಹುಟ್ಟಿದುದಲ್ಲ. ಅದಕ್ಕೆ ಹೊಂದುವಂತೆ ಟೋನೆಲ್ ಎಂಬ ರೂಪದಲ್ಲಿ ಒಂದೊಂದು ಕ್ಲಾಸಿಗೆ ಒಂದೊಂದು ಕಡತವನ್ನು ಬರೆಯುತ್ತಾರೆ. (ಇಲ್ಲಿ ಕ್ಲಾಸೆಂದರೆ ತರಗತಿಯಲ್ಲ, ಒಂದೇ ಜಾತಿಯ ವಸ್ತುಗಳ ಲಕ್ಷಣವೆಂದು ಮಕ್ಕಳು ತಿಳಿಯಬೇಕು.) ಅಷ್ಟಾದರೂ ಫಾರೊವಿನಲ್ಲಿ ಸೋರ್ಸಸ್ ಕಡತವೂ ಚೇಂಜಸ್ ಕಡತವೂ ಉಳಿದೇ ಇವೆ. ಗಿಟ್ಟಿಗೆ ಸೇರುವುದು ನೀವು ಯೋಚಿಸಿ ಒಪ್ಪಿಸಿದ ಪಾಠ. ಕಿರ್ದಿಗೆ ಸೇರುವುದು ನೀವು ಕ್ಷಣಕ್ಷಣಕ್ಕೆ ಮಾಡಿದ ಕೆಲಸ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಆದುದರಿಂದ ಈ ಶಾಲೆಯಲ್ಲಿ ಸ್ಕ್ವೀಕನ್ನು ಕಲಿಯಬಯಸುವ ವಿದ್ಯಾರ್ಥಿಗಳು ಮನೆಗೆ ಪ್ರತಿಯನ್ನು ಒಯ್ಯುವಾಗ ಇಮೇಜನ್ನೊಂದೇ ಒಯ್ಯಬಾರದು. ಇಮೇಜ್ ಮತ್ತು ಚೇಂಜಸ್ ಎರಡಕ್ಕೂ ಒಂದೇ ಹೆಸರು, ಬಾಲಂಗೋಚಿ ಮಾತ್ರ ಬೇರೆ. ಹೆಸರನ್ನು ಬದಲಾಯಿಸುವುದಾದರೆ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಸೋರ್ಸಸ್ ಕಡತ ಎಲ್ಲರಿಗೂ ಒಂದೇ. ಅದು ಮನೆಯ ಗಣಕದಲ್ಲಿ ಒಮ್ಮೆ ಇದ್ದರೆ ಸಾಕು, ಅದರ ಆವೃತ್ತಿ ಇಮೇಜಿಗೆ ಹೊಂದುವಂತಿರಲಿ. ಮತ್ತು ಮೆಥಡ್ಡನ್ನು ಬರೆಯುವಾಗ, ಲೆಕ್ಕ ಹೀಗೇಕೆ ಎಂಬುದನ್ನು ಅದರ ಮೇಲೆ ಒಂದು ಸಾಲಿನಲ್ಲಿ, ಕನ್ನಡದಲ್ಲಿಯೇ, ಬರೆಯಿರಿ.